ಕೊಲೆ ಕೇಸು ಪತ್ತೆಯಾಗದೆ ಉಳಿದಾಗ ಮನೆಯವರು ಕೇಳಬೇಕಾದ ಕಾಗದ, ತಟ್ಟಬೇಕಾದ ಬಾಗಿಲು

ಮನೆಯವರೊಬ್ಬರು ಕೊಲೆಯಾಗಿ, ಕೊಂದವರು ಯಾರೆಂದು ತಿಳಿಯದೆ ವರ್ಷ ಕಳೆದ ಕುಟುಂಬಗಳಲ್ಲಿ ಪೊಲೀಸರ ಬಗ್ಗೆ ಕೇಳಿನೋಡಿ. "ಹಿಡಿಯಲಿಲ್ಲ" ಎಂಬ ದೂರಿಗಿಂತ ಮೊದಲು ಬರುವ ದೂರು "ನಮಗೇನೂ ಹೇಳಲಿಲ್ಲ" ಎಂಬುದು. ಠಾಣೆಗೆ ಹೋದಾಗಲೆಲ್ಲ "ತನಿಖೆ ನಡೀತಾ ಇದೆ, ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ" ಎಂಬ ಒಂದೇ ಉತ್ತರ. ಇನ್ಸ್‌ಪೆಕ್ಟರ್‌ಗೆ ವರ್ಗವಾದದ್ದು ಕಾನ್‌ಸ್ಟೆಬಲ್ ಬಾಯಿಂದ ತಿಳಿಯುತ್ತದೆ, ಯಾರನ್ನೋ ಕರೆತಂದು ಬಿಟ್ಟದ್ದು ಟಿವಿಯಿಂದ. ಕೇಸು ಮುಚ್ಚಿದ ಸುದ್ದಿಯಂತೂ ಎಷ್ಟೋ ಮನೆಗಳಿಗೆ ತಲುಪುವುದೇ ಇಲ್ಲ.

ಈ ಮೌನ ಮುರಿಯಲು ಕಾನೂನಿನಲ್ಲಿ ದಾರಿಗಳಿವೆ. ಬಾಯಲ್ಲಿ ಕೇಳಿದವರಿಗೆ ಅವು ತೆರೆಯುವುದಿಲ್ಲ, ಬರೆದು ಕೇಳಿದವರಿಗೆ ತೆರೆಯುತ್ತವೆ. ಕರ್ನಾಟಕದ ಠಾಣೆ, ಕೋರ್ಟುಗಳಲ್ಲಿ ಕೆಲಸಕ್ಕೆ ಬರುವಂತೆ ಆ ದಾರಿಗಳನ್ನು ಇಲ್ಲಿ ಬರೆದಿದೆ.

ಒಂದು ಮಾತು ಮೊದಲೇ. 1 ಜುಲೈ 2024ರಿಂದ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದಕ್ಕೂ ಮೊದಲೇ ತನಿಖೆ ಶುರುವಾಗಿದ್ದ ಕೇಸುಗಳು ಹಳೆಯ ಕಾನೂನಿನಲ್ಲೇ ಮುಂದುವರಿಯುತ್ತವೆ. ಅರ್ಜಿಯಲ್ಲಿ ತಪ್ಪು ಸೆಕ್ಷನ್ ಬರೆದರೆ ಹಕ್ಕು ಹೋಗುವುದಿಲ್ಲ, ಆದರೆ ಗುಮಾಸ್ತರಿಗೆ ವಾಪಸ್ ಕಳಿಸಲು ಒಂದು ನೆಪ ಸಿಗುತ್ತದೆ. ಆದ್ದರಿಂದ ಕೆಳಗೆ ಬೇಕಾದಲ್ಲಿ ಎರಡೂ ಸಂಖ್ಯೆ ಕೊಟ್ಟಿದೆ. ಕಾನೂನಿನ ಹೆಸರಿಲ್ಲದ ಸೆಕ್ಷನ್ ಎಂದರೆ ಸುರಕ್ಷಾ ಸಂಹಿತೆಯದು, "ಹಳೆಯದು" ಎಂದರೆ ಸಿಆರ್‌ಪಿಸಿ.

ಫಿರ್ಯಾದಿ ಯಾರು ಎಂದು ಮೊದಲು ನೋಡಿ

ಎಫ್‌ಐಆರ್ ಪ್ರತಿ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಫಿರ್ಯಾದಿಯ ಹೆಸರು. ಹೊಲದಲ್ಲೋ ಕೆರೆ ಏರಿಯಲ್ಲೋ ಶವ ಸಿಕ್ಕ ಕೇಸುಗಳಲ್ಲಿ ಅದನ್ನು ಮೊದಲು ಕಂಡ ದಾರಿಹೋಕ, ತೋಟದ ಕಾವಲುಗಾರ, ಕೆಲವೊಮ್ಮೆ ಪೊಲೀಸರೇ ಫಿರ್ಯಾದಿಯಾಗಿರುತ್ತಾರೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಮುಂದೆ ಇಡೀ ಕೇಸು ಇದರ ಮೇಲೆ ನಿಲ್ಲುತ್ತದೆ. ಪೊಲೀಸರು ಕೇಸು ಮುಚ್ಚಲು ವರದಿ ಹಾಕಿದಾಗ ಕೋರ್ಟಿನ ನೋಟಿಸ್ ಹೋಗುವುದು ಫಿರ್ಯಾದಿಗೆ. 1985ರ ಭಗವಂತ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಫಿರ್ಯಾದಿಗೆ ನೋಟಿಸ್ ಕೊಡಲೇಬೇಕು. ಸತ್ತವರ ಸಂಬಂಧಿಕರಿಗೆ ನೋಟಿಸ್ ಕೊಡುವ ಕಡ್ಡಾಯವಿಲ್ಲ, ಆದರೆ ಅವರಾಗಿಯೇ ಹಾಜರಾದರೆ ಅವರ ಮಾತು ಕೇಳಬೇಕು. ಅಂದರೆ ಫಿರ್ಯಾದಿ ಆ ಕಾವಲುಗಾರನಾಗಿದ್ದರೆ ನೋಟಿಸ್ ಅವನ ಗುಡಿಸಲಿಗೆ ಹೋಗುತ್ತದೆ. ಅವನು ಊರು ಬಿಟ್ಟಿದ್ದರೆ ನಿಮ್ಮ ಮಗನ ಕೇಸು ಯಾರೂ ಇಲ್ಲದ ಕೋರ್ಟ್ ಹಾಲಿನಲ್ಲಿ ಮುಚ್ಚಿಹೋಗುತ್ತದೆ.

ಹೀಗಾಗದಿರಲು ತನಿಖಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಮೃತರಿಗೆ ನೀವೇನಾಗಬೇಕು, ನಿಮ್ಮ ವಿಳಾಸ, ಮೊಬೈಲ್ ನಂಬರ್ ಬರೆದು, ಸುರಕ್ಷಾ ಸಂಹಿತೆಯ ಸೆಕ್ಷನ್ 2(1)(ವೈ) ಪ್ರಕಾರ ಕಾನೂನುಬದ್ಧ ವಾರಸುದಾರರೂ ಸಂತ್ರಸ್ತರೇ ಎಂದು ನೆನಪಿಸಿ, ಅಂತಿಮ ವರದಿ ಸಲ್ಲಿಸುವಾಗ ತಿಳಿಸಬೇಕೆಂದು ಕೇಳಿ. ಅದೇ ಪತ್ರದ ಪ್ರತಿಯನ್ನು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಡತಕ್ಕೂ ಮೆಮೊ ರೂಪದಲ್ಲಿ ಸೇರಿಸಿ. ಎಷ್ಟೋ ಮಂದಿ ಎರಡನೆಯದನ್ನು ಬಿಡುತ್ತಾರೆ. ಇನ್ಸ್‌ಪೆಕ್ಟರ್ ಬದಲಾದಂತೆ ಠಾಣೆಯ ಪತ್ರ ಕಟ್ಟಿನಡಿ ಸೇರಿಹೋಗಬಹುದು, ಕೋರ್ಟಿನ ಕಡತ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಎಫ್‌ಐಆರ್ ಪ್ರತಿಯನ್ನು ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು, ಸೆಕ್ಷನ್ 173(2). ಅದರ ಜೊತೆಗೆ ನಿಮ್ಮ ಕಡತದಲ್ಲಿ ಇರಬೇಕಾದವು: ಶವ ಪಂಚನಾಮೆ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಶಪಡಿಸಿಕೊಂಡ ವಸ್ತುಗಳ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್‌ಗಳು. ಮರಣೋತ್ತರ ವರದಿಯನ್ನು ಆಸ್ಪತ್ರೆಯವರು "ಪೊಲೀಸರ ಮೂಲಕ ತಗೊಳ್ಳಿ" ಎನ್ನುವುದು, ಪೊಲೀಸರು "ಇನ್ನೂ ಬಂದಿಲ್ಲ" ಎನ್ನುವುದು ಮಾಮೂಲು. ಇವು ಮ್ಯಾಜಿಸ್ಟ್ರೇಟ್ ಕೋರ್ಟ್ ತಲುಪಿದ್ದರೆ ಅಲ್ಲೇ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ಪಡೆಯಿರಿ.

ಸಾವು ಮೊದಲು ಯು.ಡಿ.ಆರ್., ಅಂದರೆ ಅಸಹಜ ಸಾವು ಎಂದು ದಾಖಲಾಗಿದ್ದರೆ, ಮರಣೋತ್ತರ ವರದಿ ಬಂದ ದಿನವೇ ವೈದ್ಯರ ಅಭಿಪ್ರಾಯದ ಕೊನೆಯ ಪ್ಯಾರಾ ಓದಿ. ಅಲ್ಲಿ ಕುತ್ತಿಗೆ ಹಿಸುಕಿದ, ತಲೆಗೆ ಹೊಡೆದ ಗುರುತು ಬರೆದಿದ್ದೂ ಕೇಸು ಯು.ಡಿ.ಆರ್.ನಲ್ಲೇ ಉಳಿದಿದ್ದರೆ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103ರಡಿ (2024ರ ಜುಲೈಗೆ ಮೊದಲಿನ ಸಾವಾದರೆ ಐಪಿಸಿ 302ರಡಿ) ಕೊಲೆ ಪ್ರಕರಣ ದಾಖಲಿಸುವಂತೆ ಲಿಖಿತವಾಗಿ ಕೇಳಿ. ಅಲ್ಲಿ ತಿಂಗಳುಗಟ್ಟಲೆ ತಡವಾದರೆ ಸಾಕ್ಷ್ಯ ಆ ತಿಂಗಳುಗಳಲ್ಲೇ ಹೋಗುತ್ತದೆ.

ಕರಗಿಹೋಗುವ ಸಾಕ್ಷ್ಯ

ಅಂಗಡಿ, ಅಪಾರ್ಟ್‌ಮೆಂಟ್, ಪೆಟ್ರೋಲ್ ಬಂಕಿನ ಸಿಸಿಟಿವಿ ಸಾಮಾನ್ಯವಾಗಿ 15ರಿಂದ 30 ದಿನಕ್ಕೆ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಮನೆಯವರು ಹದಿಮೂರನೇ ದಿನದ ಕಾರ್ಯ ಮುಗಿಸಿ ಠಾಣೆಗೆ ಹೋಗುವಷ್ಟರಲ್ಲಿ ಅರ್ಧ ಕ್ಯಾಮೆರಾಗಳು ಖಾಲಿ. ಮೊದಲ ವಾರದಲ್ಲೇ ಒಬ್ಬ ನೆಂಟನಿಗೆ ಈ ಕೆಲಸ ವಹಿಸಿ: ಮೃತರು ಕೊನೆಗೆ ಓಡಾಡಿದ ದಾರಿಯ ಕ್ಯಾಮೆರಾಗಳ ಪಟ್ಟಿ, ಪ್ರತಿಯೊಂದರ ಅಂಗಡಿ ಹೆಸರು, ಅದು ಯಾವ ಕಡೆ ನೋಡುತ್ತದೆ, ಗಡಿಯಾರ ಎಷ್ಟು ನಿಮಿಷ ಹಿಂದು ಮುಂದು ಇದೆ. ಆ ಪಟ್ಟಿಯನ್ನು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ದೃಶ್ಯವನ್ನು ನೀವೇ ಮೊಬೈಲಿಗೆ ಇಳಿಸಿಕೊಂಡರೆ ಸುಳಿವಿಗೆ ಆದೀತು, ಆದರೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವಿಲ್ಲದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮೂಲ ಡಿವಿಆರ್ (ದೃಶ್ಯ ದಾಖಲಾಗುವ ಪೆಟ್ಟಿಗೆ) ಅನ್ನು ಪೊಲೀಸರೇ ಮಹಜರು ಮಾಡಿ ವಶಕ್ಕೆ ಪಡೆಯಬೇಕು.

ಮೊಬೈಲ್ ಕಂಪನಿಗಳು ಕರೆ ವಿವರ ಇಟ್ಟುಕೊಳ್ಳಬೇಕಾದ ಅವಧಿ ಎರಡು ವರ್ಷ (2021ರ ಡಿಸೆಂಬರಿನ ತಿದ್ದುಪಡಿಗೆ ಮೊದಲು ಒಂದೇ ವರ್ಷವಿತ್ತು). ಮೃತರ ನಂಬರಿನ ಸಿಡಿಆರ್ (ಕರೆ ವಿವರ) ತರಿಸುವುದನ್ನು ಪೊಲೀಸರು ಮರೆಯುವುದಿಲ್ಲ. ಮರೆಯುವುದು ಟವರ್ ಡಂಪ್, ಅಂದರೆ ಆ ಹೊತ್ತಿನಲ್ಲಿ ಆ ಜಾಗದ ಟವರಿನಡಿ ಇದ್ದ ಎಲ್ಲ ನಂಬರುಗಳ ಪಟ್ಟಿ. ಎರಡು ವರ್ಷ ತುಂಬುವ ಮೊದಲು "ಟವರ್ ಡಂಪ್ ತರಿಸಲಾಗಿದೆಯೇ" ಎಂದು ಬರೆದು ಕೇಳಲೇಬೇಕು. ಆಮೇಲೆ ಎಷ್ಟು ಒಳ್ಳೆಯ ಅಧಿಕಾರಿ ಬಂದರೂ ಅದನ್ನು ಮರಳಿ ತರಲಾಗದು.

ಮೃತರ ಫೋನ್ ನಿಮ್ಮ ಬಳಿ ಇದ್ದರೆ ಪಾಸ್‌ವರ್ಡ್ ಊಹಿಸಿ ತೆರೆಯಲು ಹೋಗಬೇಡಿ. ಐಎಂಇಐ ನಂಬರ್ ಬರೆದಿಟ್ಟುಕೊಂಡು, ಮಹಜರಿನ ಮೂಲಕ ಒಪ್ಪಿಸಿ. ಸಿಮ್‌ಗೆ ಮಾತ್ರ ರೀಚಾರ್ಜ್ ಮಾಡಿಸುತ್ತಿರಿ. ತಿಂಗಳುಗಟ್ಟಲೆ ಬಳಕೆಯಿಲ್ಲದ ನಂಬರ್ ರದ್ದಾಗಿ ಬೇರೆಯವರಿಗೆ ಹೋಗುತ್ತದೆ, 120 ದಿನ ಸುಮ್ಮನಿದ್ದ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿದುಹೋಗುತ್ತದೆ.

ಇನ್ನೊಂದು, ನೋವಿನಲ್ಲಿ ಮಾಡುವ ತಪ್ಪು: ಅನುಮಾನವಿರುವವನ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕುವುದು, ಅಕ್ಕಪಕ್ಕದವರಿಗೆ ತೋರಿಸಿ "ಇವನೇನಾ ನೋಡಿ" ಎಂದು ಕೇಳುವುದು. ಮುಂದೆ ಅವನು ಸಿಕ್ಕಾಗ ಗುರುತು ಪತ್ತೆ ಪರೇಡ್ ನಡೆಸಿದರೂ "ಸಾಕ್ಷಿ ಮೊದಲೇ ಫೋಟೊ ನೋಡಿದ್ದಾರೆ" ಎಂಬ ಒಂದು ಪ್ರಶ್ನೆಗೆ ಆ ಪರೇಡ್ ಬಿದ್ದುಹೋಗುತ್ತದೆ. ಆ ಫೋಟೊ ಪೊಲೀಸರಿಗೆ ಮಾತ್ರ ಕೊಡಿ.

ನಿರ್ಲಕ್ಷ್ಯ ಯಾವುದು, ಯಾವುದಲ್ಲ

ಮನೆಯವರನ್ನೇ ಮತ್ತೆ ಮತ್ತೆ ಪ್ರಶ್ನಿಸುವುದು ಕುಟುಂಬಕ್ಕೆ ಅತಿ ದೊಡ್ಡ ಗಾಯ. ಗಂಡನನ್ನು ಕಳೆದುಕೊಂಡವಳನ್ನು "ಮನೇಲಿ ಜಗಳ ಇತ್ತಾ" ಎಂದು ನಾಲ್ಕನೇ ಸಲ ಕೇಳಿದರೆ ಅವಮಾನವೆನಿಸುವುದು ಸಹಜ. ಆದರೆ ಹತ್ತಿರದವರನ್ನು ಮೊದಲು ವಿಚಾರಿಸಿ ಪಟ್ಟಿಯಿಂದ ತೆಗೆಯುವುದು ತನಿಖೆಯ ಕ್ರಮವೇ. ಅದನ್ನು ನಿರ್ಲಕ್ಷ್ಯವೆನ್ನಲಾಗದು. ಮಹಿಳೆಯರನ್ನು, 60 ದಾಟಿದವರನ್ನು, 15ರೊಳಗಿನ ಮಕ್ಕಳನ್ನು ಸಾಕ್ಷಿಯಾಗಿ ವಿಚಾರಿಸುವುದು ಮನೆಯಲ್ಲೇ ಆಗಬೇಕು, ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ (ಸೆಕ್ಷನ್ 179, ಹಳೆಯದರಲ್ಲಿ 160, ಅಲ್ಲಿ ಹಿರಿಯರ ವಯಸ್ಸು 65). ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಹಾಕಿ ಎಂದರೆ ಯಾವ ಕಾಗದಕ್ಕೆ ಎಂದು ಓದಿ ನೋಡಿ.

"ಮಂಪರು ಪರೀಕ್ಷೆ ಮಾಡಿಸಿದ್ರೆ ಒಂದೇ ದಿನಕ್ಕೆ ಬಾಯಿ ಬಿಡ್ತಾನೆ" ಎಂಬ ಮಾತು ಪ್ರತಿ ಊರಲ್ಲೂ ಇದೆ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು, ಪಾಲಿಗ್ರಾಫ್, ಮಿದುಳು ನಕ್ಷೆ ಪರೀಕ್ಷೆ ಮಾಡುವಂತಿಲ್ಲ ಎಂದಿದೆ. ಹಾಗೆಯೇ ಪೊಲೀಸರ ಮುಂದೆ "ನಾನೇ ಕೊಂದೆ" ಎಂದ ಮಾತು ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ನಡೆಯುವುದಿಲ್ಲ. ಅನುಮಾನಿತನನ್ನು ಬಿಟ್ಟು ಕಳಿಸಿದರು ಎಂದ ಮಾತ್ರಕ್ಕೆ ದುಡ್ಡು ಕೈ ಬದಲಾಯಿತು ಎಂದುಕೊಳ್ಳಬೇಕಿಲ್ಲ. ಸಾಕ್ಷ್ಯವಿಲ್ಲದೆ ಅವಸರದಲ್ಲಿ ದೋಷಾರೋಪ ಪಟ್ಟಿ ಹಾಕಿ, ಅವನು ಖುಲಾಸೆಯಾದರೆ, ಅದೇ ಕೊಲೆಗೆ ಅವನನ್ನು ಮತ್ತೆ ವಿಚಾರಣೆಗೆ ನಿಲ್ಲಿಸಲಾಗದು.

ನಿಜವಾದ ನಿರ್ಲಕ್ಷ್ಯ ಬೇರೆ ಕಡೆ ಇರುತ್ತದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಸೆಕ್ಷನ್ 176(3) ಹೇಳುತ್ತದೆ. ಬಂದಿದ್ದರೇ? ರಕ್ತದ ಬಟ್ಟೆ, ಉಗುರಿನ ಸಂದಿಯ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಯಾವ ತಾರೀಖು ಹೋಯಿತು? ವಶಪಡಿಸಿಕೊಂಡ ದಿನಕ್ಕೂ ಕಳಿಸಿದ ದಿನಕ್ಕೂ ತಿಂಗಳುಗಳ ಅಂತರವಿದ್ದರೆ, ಒದ್ದೆ ಬಟ್ಟೆಯನ್ನು ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರೆ, ಬೂಷ್ಟು ಹಿಡಿದು ಡಿಎನ್ಎ ಹಾಳಾಗಿರಬಹುದು. ದೂರು ಬರೆಯಬೇಕಾದದ್ದು ಇಂಥದ್ದರ ಮೇಲೆ.

ಕೇಳುವ ಪತ್ರ

ಹೊಸ ಕಾನೂನಿನ ಸೆಕ್ಷನ್ 193(3)ರಲ್ಲಿ ಒಂದು ಒಳ್ಳೆಯ ಸಾಲು ಸೇರಿದೆ: ತನಿಖೆಯ ಪ್ರಗತಿಯನ್ನು ಪೊಲೀಸ್ ಅಧಿಕಾರಿ 90 ದಿನದೊಳಗೆ ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು, ಎಲೆಕ್ಟ್ರಾನಿಕ್ ರೂಪದಲ್ಲಾದರೂ ಸರಿ. 85ನೇ ದಿನ ಈ ಸೆಕ್ಷನ್ ಹೆಸರಿಸಿ ಪತ್ರ ಕೊಡಿ. ಹಳೆಯ ಕೇಸಿನವರಿಗೆ ಈ ಸಾಲಿನ ಬಲವಿಲ್ಲ, ಆದರೂ ಕೇಳುವುದಕ್ಕೆ ಅಡ್ಡಿಯಿಲ್ಲ.

"ತನಿಖೆ ಎಲ್ಲಿಗೆ ಬಂತು" ಎಂದು ಕೇಳಿದರೆ "ಪ್ರಗತಿಯಲ್ಲಿದೆ" ಎಂದೇ ಉತ್ತರ ಬರುತ್ತದೆ. ಹೌದು, ಇಲ್ಲ ಅಥವಾ ಒಂದು ತಾರೀಖು, ಇಷ್ಟರಲ್ಲೇ ಉತ್ತರ ಮುಗಿಯುವಂತೆ ಕೇಳಿ. ಈಗಿನ ತನಿಖಾಧಿಕಾರಿಯ ಹೆಸರು, ಹುದ್ದೆ ಏನು. ಎಫ್‌ಎಸ್‌ಎಲ್‌ಗೆ ವಸ್ತು ಕಳಿಸಿದ ದಿನ ಯಾವುದು, ವರದಿ ಬಂದಿದೆಯೇ. ಸಿಡಿಆರ್, ಟವರ್ ಡಂಪ್ ತರಿಸಲಾಗಿದೆಯೇ. ಎಷ್ಟು ಸಾಕ್ಷಿಗಳ ಹೇಳಿಕೆ ದಾಖಲಾಗಿದೆ. ಅಂತಿಮ ವರದಿ ಸಲ್ಲಿಕೆಯಾಗಿದೆಯೇ. ಶಂಕಿತರ ಹೆಸರು, ಸಾಕ್ಷಿಗಳ ಹೆಸರು ಕೇಳಬೇಡಿ. ಅದನ್ನು ಕೊಡಲು ಅವರಿಗೆ ಸಾಧ್ಯವಿಲ್ಲ, ಆ ಒಂದು ಪ್ರಶ್ನೆಯ ನೆಪದಲ್ಲಿ ಇಡೀ ಪತ್ರಕ್ಕೆ ಉತ್ತರ ನಿಲ್ಲುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಂಡು ವಾಪಸ್ ತನ್ನಿ. ಹಾಕಿಕೊಡದಿದ್ದರೆ ಜಗಳ ಬೇಡ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೂ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್ ಕಚೇರಿಗೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಲಿಖಿತ ಹಿಂಬರಹ (ಠಾಣೆಯ ಉತ್ತರ) ಕೊಡಿ ಎಂದು ಕೊನೆಯ ಸಾಲಿನಲ್ಲಿ ಕೇಳಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಕೇಳಬೇಕು, ಶುಲ್ಕ 10 ರೂಪಾಯಿ. ಹತ್ತು ಪ್ರಶ್ನೆ ತುಂಬಿದ ಅರ್ಜಿಗಳು ಇದೇ ಕಾರಣಕ್ಕೆ ವಾಪಸ್ ಬರುತ್ತವೆ, ಒಂದೊಂದು ವಿಷಯಕ್ಕೆ ಒಂದೊಂದು ಅರ್ಜಿ ಹಾಕಿ. "ತನಿಖೆಗೆ ಅಡ್ಡಿಯಾಗುತ್ತದೆ" ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎಚ್) ಹೇಳಿ ತಿರಸ್ಕರಿಸುವುದು ಸಾಮಾನ್ಯ. ತನಿಖೆ ಬಾಕಿ ಇದೆ ಎಂಬುದೊಂದೇ ಸಾಲದು, ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು 2007ರ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಈ ತೀರ್ಪನ್ನು ಅದರಲ್ಲಿ ಬರೆಯಿರಿ.

ಮೇಲಿನ ಬಾಗಿಲುಗಳು

ಠಾಣೆಯ ಮೇಲೆ ಡಿವೈಎಸ್‌ಪಿ ಅಥವಾ ಎಸಿಪಿ, ಅವರ ಮೇಲೆ ಎಸ್‌ಪಿ ಅಥವಾ ಕಮಿಷನರ್, ವಲಯದ ಐಜಿಪಿ. ಎಸ್‌ಪಿಯನ್ನು ಭೇಟಿಯಾಗುವಾಗ ಒಬ್ಬರೇ ಮಾತಾಡಿ, ಎರಡು ಪುಟದ ಸಾರಾಂಶ ಕೊಡಿ. ಹತ್ತು ಜನ ಹೋಗಿ ಎಲ್ಲರೂ ಅತ್ತರೆ ಸಾಂತ್ವನ ಸಿಗುತ್ತದೆ, ಆದೇಶ ಸಿಗುವುದಿಲ್ಲ. ಕೇಸು ಸಿಐಡಿಗೆ ಹೋಗಬೇಕಾದರೆ ಮನವಿಯನ್ನು ಡಿಜಿ ಮತ್ತು ಐಜಿಪಿಗೂ ಗೃಹ ಇಲಾಖೆಗೂ ಕೊಡಬೇಕು.

ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಸರಿಯಾದ ತನಿಖೆ ನಡೆಯುವಂತೆ ನೋಡಿಕೊಳ್ಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ ಎಂದು 2007ರ ಡಿಸೆಂಬರಿನ ಸಾಕಿರಿ ವಾಸು ತೀರ್ಪು ಹೇಳಿದೆ. ಅರ್ಜಿ ಸೆಕ್ಷನ್ 175(3) ಅಡಿ (ಹಳೆಯದರಲ್ಲಿ 156(3)), ಜೊತೆಗೆ ಪ್ರಮಾಣಪತ್ರ (ಅಫಿಡವಿಟ್), ಎಸ್‌ಪಿಗೆ ಬರೆದ ಪತ್ರದ ಸ್ವೀಕೃತಿ ಬೇಕು. ಸ್ವೀಕೃತಿ ಇಲ್ಲದೆ ಹೋದವರ ಅರ್ಜಿ ಇಲ್ಲೇ ಎಡವುತ್ತದೆ. ಸಿಬಿಐಗೆ ಕೊಡಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಬೇಡಿ, ಆ ಅಧಿಕಾರ ಅವರಿಗಿಲ್ಲ. ಅದು ಹೈಕೋರ್ಟ್, ಸುಪ್ರೀಂ ಕೋರ್ಟಿನದು, ಅಪರೂಪಕ್ಕೆ ಮಾತ್ರ ಬಳಸುವಂಥದ್ದು. ಹೈಕೋರ್ಟಿಗೆ ಹೋಗಲು ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರಬೇಕಾಗಿಲ್ಲ, ಧಾರವಾಡ, ಕಲಬುರಗಿ ಪೀಠಗಳಿವೆ.

ಸಿಬಿಐ ಎಂಬ ಒಂದೇ ಪದಕ್ಕೆ ಜೋತು ಬೀಳುವುದಕ್ಕಿಂತ, ಯಾವ ತಂಡದ ಬಳಿ ನಿಮ್ಮ ಕೇಸಿಗೆ ಬೇಕಾದ ಸಾಕ್ಷ್ಯವಿದೆ ಎಂದು ನೋಡುವುದು ಮೇಲು. ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆ ಆದದ್ದು 30 ಆಗಸ್ಟ್ 2015ರಂದು, ಧಾರವಾಡದ ಅವರ ಮನೆಯಲ್ಲಿ. ವರ್ಷಗಳು ಕಳೆದರೂ ದೋಷಾರೋಪ ಪಟ್ಟಿ ಬಂದಿರಲಿಲ್ಲ. ಅವರ ಪತ್ನಿ ಉಮಾದೇವಿ ಸುಪ್ರೀಂ ಕೋರ್ಟಿಗೆ ಹೋದರು. ಆ ಹೊತ್ತಿಗೆ 2017ರ ಗೌರಿ ಲಂಕೇಶ್ ಹತ್ಯೆಯ ತನಿಖೆಯಲ್ಲಿ ಎರಡೂ ಕಡೆ ಒಂದೇ ಪಿಸ್ತೂಲು ಬಳಕೆಯಾದ ಸುಳಿವನ್ನು ಗುಂಡುಗಳ ವಿಧಿವಿಜ್ಞಾನ ಪರೀಕ್ಷೆ ಕೊಟ್ಟಿತ್ತು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನು ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿತು, ಉಸ್ತುವಾರಿಯನ್ನು ಧಾರವಾಡ ಹೈಕೋರ್ಟ್ ಪೀಠಕ್ಕೆ ಕೊಟ್ಟಿತು. ಅದೇ ಆಗಸ್ಟಿನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. 2015ರ ಕಾಡತೂಸುಗಳನ್ನು ಸರಿಯಾಗಿ ಕಾಪಾಡಿದ್ದರಿಂದಲೇ ಆ ಹೋಲಿಕೆ ಸಾಧ್ಯವಾಯಿತು.

ಸಿ ರಿಪೋರ್ಟ್ ಬಂದಾಗ

ನಮ್ಮ ರಾಜ್ಯದಲ್ಲಿ ಬಿ ರಿಪೋರ್ಟ್ ಎಂದರೆ ಸುಳ್ಳು ಅಥವಾ ತಪ್ಪು ತಿಳಿವಳಿಕೆಯ ಕೇಸು ಎಂದು ಮುಚ್ಚುವುದು. ಸಿ ರಿಪೋರ್ಟ್ ಎಂದರೆ ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಎಂದು ಮುಚ್ಚುವುದು. ಇ-ಕೋರ್ಟ್ಸ್ ತಾಣದಲ್ಲಿ ಎಫ್‌ಐಆರ್ ನಂಬರ್, ಠಾಣೆ, ವರ್ಷ ಕೊಟ್ಟು ಎರಡು ತಿಂಗಳಿಗೊಮ್ಮೆ ಹುಡುಕಿ. ಸಿಎನ್‌ಆರ್ ನಂಬರ್ (ಕೋರ್ಟಿನಲ್ಲಿ ಕೇಸಿನ ಗುರುತಿನ ಸಂಖ್ಯೆ) ಒಮ್ಮೆ ಸಿಕ್ಕರೆ ಆಮೇಲೆ ಅದೊಂದೇ ಸಾಕು.

ವರದಿ ಬಂದಿದೆ ಎಂದು ತಿಳಿದ ದಿನವೇ ವಕೀಲರಿಂದ ವಕಾಲತ್ತು ಹಾಕಿಸಿ, ವರದಿ ಮತ್ತು ಲಗತ್ತುಗಳ ನಕಲು ಪಡೆದು, ತಕರಾರು ಅರ್ಜಿಗೆ ಸಮಯ ಕೇಳಿ. ವಕೀಲರ ಫೀಸಿಗೆ ಕಷ್ಟವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ತಕರಾರು ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದು ಮುಖ್ಯ. ಕೆಲವು ವಕೀಲರು ಅಭ್ಯಾಸಬಲದಿಂದ ಅದನ್ನು ಖಾಸಗಿ ದೂರಾಗಿ (ಪೊಲೀಸರ ಬದಲು ನೀವೇ ಕೋರ್ಟಿನಲ್ಲಿ ನಡೆಸುವ ದೂರು) ಪರಿಗಣಿಸಿ ಎಂದು ಬರೆಯುತ್ತಾರೆ. ಆರೋಪಿ ಯಾರೆಂದೇ ಗೊತ್ತಿಲ್ಲದ ಕೇಸಿನಲ್ಲಿ ಅದರಿಂದ ಪ್ರಯೋಜನವಿಲ್ಲ, ಪ್ರಮಾಣ ಹೇಳಿಕೆ ಕೊಟ್ಟು ಸಮನ್ಸ್ ಯಾರಿಗೆ ಕಳಿಸುವುದು? ಸೆಕ್ಷನ್ 193(9) ಅಡಿ (ಹಳೆಯದರಲ್ಲಿ 173(8)) ಹೆಚ್ಚಿನ ತನಿಖೆಗೆ ಆದೇಶ ಕೇಳಿ. ದೋಷಾರೋಪ ಪಟ್ಟಿಯನ್ನೇ ಹಾಕಿ ಎಂದು ಕೋರ್ಟ್ ಪೊಲೀಸರಿಗೆ ಹೇಳಲಾರದು, ಹೆಚ್ಚಿನ ತನಿಖೆ ಮಾಡಿ ಎಂದು ಹೇಳಬಲ್ಲದು. "ತನಿಖೆ ಸರಿಯಾಗಿಲ್ಲ" ಎಂಬ ಸಾಲಿಗೆ ತೂಕವಿಲ್ಲ. "ಇಂಥ ದಿನ ಕೊಟ್ಟ ಪಟ್ಟಿಯಲ್ಲಿದ್ದ ಒಂಬತ್ತು ಕ್ಯಾಮೆರಾಗಳಲ್ಲಿ ಎರಡನ್ನು ಮಾತ್ರ ನೋಡಲಾಗಿದೆ, ಟವರ್ ಡಂಪ್ ವರದಿಯಲ್ಲಿಲ್ಲ, ಇಂಥ ಸಾಕ್ಷಿಯ ಹೇಳಿಕೆ ದಾಖಲಾಗಿಲ್ಲ" ಎಂದು ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿ, ನಿಮ್ಮ ಸ್ವೀಕೃತಿ ಪತ್ರಗಳನ್ನು ಲಗತ್ತಿಸಿ. ಆ ಮೊಹರುಗಳಿಗಾಗಿ ಅಲೆದಾಡಿದ್ದು ಫಲ ಕೊಡುವುದು ಈ ಅರ್ಜಿಯಲ್ಲಿ.

ಕೋರ್ಟ್ ಸಿ ರಿಪೋರ್ಟ್ ಒಪ್ಪಿಕೊಂಡರೂ ದಾರಿ ಮುಗಿಯುವುದಿಲ್ಲ. ಕೊಲೆಗೆ ಕಾಲಮಿತಿ ಇಲ್ಲ, ಹೊಸ ಸುಳಿವು ಸಿಕ್ಕರೆ ತನಿಖೆ ಮತ್ತೆ ನಡೆಸಬಹುದು. ಆದರೆ ಅಪಾಯ ಒಂದಿದೆ. ಕೇಸು ಮುಚ್ಚುವಾಗ ವಶದಲ್ಲಿದ್ದ ವಸ್ತುಗಳ ವಿಲೇವಾರಿಗೂ ಆದೇಶವಾಗುತ್ತದೆ, "ಬೆಲೆಯಿಲ್ಲದ ವಸ್ತು ನಾಶಪಡಿಸಿ" ಎಂಬ ಸಾಲಿನಡಿ ರಕ್ತದ ಬಟ್ಟೆ, ಕೂದಲು, ಕಾಡತೂಸು ಎಲ್ಲ ಹೋಗಬಹುದು. ಅವನ್ನು ಮುಂದಿನ ಪರೀಕ್ಷೆಗಾಗಿ ಕಾಯ್ದಿಡಬೇಕೆಂದು ಪಿ.ಎಫ್. ನಂಬರ್ ಸಹಿತ ಮೆಮೊ ಹಾಕಿ. ಒಡವೆ, ಬೈಕುಗಳನ್ನು ಫೋಟೊ ಮತ್ತು ಮಹಜರು ಮಾಡಿಸಿ ಬಿಡಿಸಿಕೊಳ್ಳಬಹುದು, ಇಂಥವನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಫೋನನ್ನೂ ಮೈಮೇಲಿದ್ದ ಬಟ್ಟೆಯನ್ನೂ ಮಾತ್ರ ಬಿಡಿಸಿಕೊಳ್ಳಬೇಡಿ.

ಪರಿಹಾರ, ವಿಮೆ

ಕೊಂದವರು ಸಿಗದಿದ್ದರೆ ಪರಿಹಾರವೂ ಇಲ್ಲ ಎಂದುಕೊಂಡು ಎಷ್ಟೋ ಮನೆಗಳು ಸುಮ್ಮನಿವೆ. ಸೆಕ್ಷನ್ 396(4) (ಹಳೆಯದರಲ್ಲಿ 357ಎ(4)) ಇರುವುದೇ ಅಪರಾಧಿ ಪತ್ತೆಯಾಗದ, ವಿಚಾರಣೆ ನಡೆಯದ ಕೇಸುಗಳಿಗಾಗಿ. ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಹಾಕಬಹುದು, ಅದು ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಎಫ್‌ಐಆರ್, ಮರಣೋತ್ತರ ವರದಿ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಆದಾಯದ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ತಡವಾಗಿದ್ದರೆ ಕಾರಣವನ್ನೂ ಬರೆಯಿರಿ.

ಇಂಥ ಕೇಸುಗಳಲ್ಲಿ ವಿಮೆಯ ಹಣ ಸಾಮಾನ್ಯವಾಗಿ ನಿಲ್ಲುವುದು ಒಂದು ಕಡೆ: ನಾಮಿನಿಯೇ ಶಂಕಿತರಿರಬಹುದು ಎಂಬಲ್ಲಿ. ನಾಮಿನಿ ಈ ಪ್ರಕರಣದಲ್ಲಿ ಆರೋಪಿಯಲ್ಲ ಎಂದು ತನಿಖಾಧಿಕಾರಿಯಿಂದ ಹಿಂಬರಹ ಪಡೆದು ಕಂಪನಿಗೆ ಕೊಡಿ.

ಇನ್ಸ್‌ಪೆಕ್ಟರ್ ಬದಲಾದಾಗ

ಹೊಸಬರು ಬಂದ ಎರಡನೇ ವಾರ ಹೋಗಿ, ಮೊದಲ ವಾರ ಅವರಿಗೆ ಪುರುಸೊತ್ತಿರುವುದಿಲ್ಲ. ಹಳೆಯವರನ್ನು ದೂರಬೇಡಿ. ಕ್ರೈಂ ನಂಬರ್, ಘಟನೆಯ ದಿನ, ಮೃತರ ಕೊನೆಯ 24 ಗಂಟೆಯ ವಿವರ, ನೀವು ಕೊಟ್ಟ ಪತ್ರಗಳ ತಾರೀಖು, ಇನ್ನೂ ಆಗದ ಕೆಲಸಗಳು, ಇವಿಷ್ಟೂ ಎರಡು ಪುಟದಲ್ಲಿ ಇರಲಿ, ಮೇಲೆ ಮೃತರ ಒಂದು ಒಳ್ಳೆಯ ಫೋಟೊ ಅಂಟಿಸಿ. ಹೊಸ ಅಧಿಕಾರಿ ಕಡತದಲ್ಲಿ ಮೊದಲು ನೋಡುವುದು ಶವದ ಚಿತ್ರ. ಬದುಕಿದ್ದಾಗಿನ ಮುಖವನ್ನು ಅವರ ಮೇಜಿಗೆ ತಲುಪಿಸಬೇಕಾದವರು ನೀವೇ.